ಹತ್ತೊಂಬತ್ತು ಇಂಚಿನ ಸೈಕಲ್ಲು

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಕಿಟಕಿಯಿಂದ ರವದಿ ಸುಟ್ಟ ಹೊಗೆ ಒಳಗೆ ಬಂತು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಅದನ್ನು ಸುಡಬೇಡಿರಿ, ಮಣ್ಣಿನ ಸತ್ವ ಹೋಗುತ್ತದೆ ಎಂದು ನಮ್ಮ ಮನೆಯವರು ಇಪ್ಪತ್ತೆರಡು ವರ್ಷ ಹೊಲ ಹೊಲ ತಿರುಗಿ ಹೇಳಿದರು. ಹೂಂ ಅಂದವರೇ ಮರುದಿನ ಕಡ್ಡಿ ಗೀರುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದ ಕೂಡಲೇ ನನಗೆ ಎರಡು ವರ್ಷದ ಹಿಂದಿನ ಕಬ್ಬಿನ ಹಂಗಾಮು ನೆನಪಾಯಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ತನಕ ಸುಮ್ಮನೆ ನಿಂತುಬಿಟ್ಟಿದ್ದೆ.

ನಮ್ಮೂರು ಬೀಳಗಿ ತಾಲೂಕಿನಲ್ಲಿ, ಗಲಗಲಿಗೆ ಹೋಗುವ ದಾರಿಯ ಮೇಲಿದೆ. ಮನೆಯವರು ಆಗ ಒಂದು ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್. ಯಾರ ಹೊಲದಲ್ಲಿ ಎಷ್ಟು ಕಬ್ಬಿದೆ, ಯಾವುದು ಮಾಗಿದೆ, ಯಾವುದನ್ನು ಮೊದಲು ಕಡಿಸಬೇಕು ಎಂದು ಹೊಳೆದಂಡೆಯ ಹೊಲಗಳನ್ನೆಲ್ಲ ತಿರುಗಿ ನೋಡುವ ಕೆಲಸ. ಬೆಳಿಗ್ಗೆ ಮೋಟಾರ್ ಸೈಕಲ್ ಹತ್ತಿದರೆ ಸಂಜೆಗೇ ಇಳಿಯುವುದು. ಊರವರು ಅವರನ್ನು ಸಾಹೇಬ್ರ ಅನ್ನುತ್ತಿದ್ದರು. ಕಾರ್ಖಾನೆಯಲ್ಲಿ ಅವರ ಮೇಲೆ ಹತ್ತು ಜನ ಸಾಹೇಬರಿದ್ದರು, ಅದು ಬೇರೆ ಮಾತು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಬಲಗಾಲಿನ ಮೊಣಕಾಲು ಕೈಕೊಟ್ಟಿತು. ಎರಿಮಣ್ಣಿನ ದಾರಿ ನಮ್ಮದು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಗಾಲಿಯ ಗುಂಡಿ ಮೊಣಕಾಲುದ್ದ ಬಿದ್ದಿರುತ್ತವೆ. ಅಂಥಲ್ಲಿ ಭಾರದ ಗಾಡಿ ವಾಲಿದಾಗೆಲ್ಲ ಬಲಗಾಲು ಊರಿ ಊರಿ ಹಿಡಿದದ್ದಕ್ಕೋ ಏನೋ, ಕೀಲು ಸವೆದಿತ್ತು. ಮುಧೋಳದ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ ಹೇಳಿದರು: "ಆಪರೇಷನ್ ಈಗ ಬ್ಯಾಡ. ತೂಕ ಇಳಸ್ರಿ. ಗಾಡಿ ಬಿಡ್ರಿ, ಬಾಳ ನಡೀಬ್ಯಾಡ್ರಿ. ಸೈಕಲ್ ತುಳೀರಿ. ಕಾಲಿನ ಮ್ಯಾಲ ಭಾರ ಬೀಳೂದಿಲ್ಲ, ಕೀಲು ಆಡ್ತೇತಿ."

ಮನೆಯವರು ನಕ್ಕರು. "ದಿನಾ ಮೂವತ್ತ ಕಿಲೋಮೀಟರ್ ಸೈಕಲ್ ತುಳದ್ರ ಆಪರೇಷನ್ ಮಾಡಾಕ ನಾ ಉಳೀಬೇಕಲ್ರಿ."

ಕಾರ್ಖಾನೆಯ ಸಾಹೇಬರು ಒಳ್ಳೆಯವರೇ. ಹಂಗಾಮು ಶುರುವಾಗುವ ತನಕ ನೋಡೋಣ, ಆಗದಿದ್ದರೆ ತೂಕದ ಕಟ್ಟೆಗೆ ಬಂದು ಕುಳಿತುಕೊಳ್ಳಿ ಅಂದರು. ಕಬ್ಬಿನ ಗಾಡಿಗಳನ್ನು ತೂಗಿ ಚೀಟಿ ಕೊಡುವ ಕೋಣೆ ಅದು. ಬೇರೆಯವರಿಗೆ ಅದು ಆರಾಮದ ಜಾಗ. ಇವರಿಗೆ ಆ ಮಾತು ಕೇಳಿ ಮೂರು ದಿನ ಊಟ ಸೇರಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಕಬ್ಬು ಮುರಿದು ಹಲ್ಲಲ್ಲಿ ಸಿಗಿದು "ಇನ್ನ ಹತ್ತ ದಿನ ಬಿಡ್ರಿ" ಅನ್ನುವುದೇ ಅವರಿಗೆ ಕೆಲಸ. ಗಾಜಿನ ಕೋಣೆಯಲ್ಲಿ ಕುಳಿತು ಮಾಡುವುದು ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ದಿನವೆಲ್ಲ ಮನೆಯಲ್ಲಿ ಕುಳಿತು ಗೋಡೆ ನೋಡುತ್ತಿದ್ದರು. ನನಗೂ ಸಾಕಾಗಿತ್ತು. ನೋಯುವ ಕಾಲಿಗೆ ಎಣ್ಣೆ ತಿಕ್ಕಬಹುದು. ನೋಯುವ ಮೋರೆಯನ್ನು ಏನು ಮಾಡುವುದು? ಶಿವನೇ, ಒಂದು ದಾರಿ ತೋರಿಸು ಎಂದು ಪೂಜೆಗೆ ಕುಳಿತಾಗೆಲ್ಲ ಬೇಡುತ್ತಿದ್ದೆ. ದೊಡ್ಡ ದಾರಿಯನ್ನೇನೂ ಕೇಳಲಿಲ್ಲ. ಹೊಲಕ್ಕೆ ಹೋಗಿ ಬರುವಷ್ಟು ದಾರಿ ಸಾಕಿತ್ತು.

ನಮ್ಮ ಮಗಳು ಗಿರಿಜಾ ಜಮಖಂಡಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳು ಫೋನಿನಲ್ಲಿ ಹೇಳಿದಳು: "ಅವ್ವಾ, ಕರೆಂಟಿನ ಸೈಕಲ್ ಬಂದಾವ. ತುಳದಾಗ ಮೋಟಾರ್ ಕೈ ಕೂಡಸ್ತೇತಿ. ಅದರಾಗೂ ಗುಡ್ಡದ ಸೈಕಲ್ ಅಂತ ಒಂದ ಐತಿ, ದಪ್ಪನ ಗಾಲಿ, ಮುಂದ ಸ್ಪ್ರಿಂಗ್. ಗುಂಡ್ಯಾಗ ಹಾಯ್ತೇತಿ."

ಈ ಸುದ್ದಿ ಓಣಿಗೆ ಹಬ್ಬಲು ಎಷ್ಟು ಹೊತ್ತು? ಪಕ್ಕದ ಮನೆಯ ಮಲ್ಲವ್ವ ಕಟ್ಟೆಯ ಮೇಲಿಂದಲೇ ಕೇಳಿದಳು: "ಏನಬೇ ನೀಲವ್ವಾ, ಸಾಹೇಬ್ರು ಗುಡ್ಡದ ಸೈಕಲ್ ತರಾಕತ್ತಾರಂತ. ಈ ಕಬ್ಬಿನ್ಯಾಗ ಯಾವ ಗುಡ್ಡ ಹತ್ತಾವ್ರು?"

"ನಿಮ್ಮನಿ ಮುಂದಿನ ತಿಪ್ಪಿ ಹತ್ತತಾರ ತಗೋ" ಅಂದೆ. ಅವಳೂ ನಕ್ಕಳು. ಒಳಗಿದ್ದ ಇವರೂ ನಕ್ಕಿದ್ದು ಕೇಳಿಸಿತು. ಬಹಳ ದಿನದ ಮೇಲೆ ಕೇಳಿದ ನಗು. ಅವತ್ತಿಗೆ ಅಷ್ಟು ಸಾಕಾಯಿತು.

ಜಮಖಂಡಿಯ ಪೇಟೆಯಲ್ಲಿ ರಾಜೇಸಾಬರ ಸೈಕಲ್ ಅಂಗಡಿ. ಗಿರಿಜಾ, ನಾನು, ಇವರು ಮೂವರೂ ಹೋದೆವು. ರಾಜೇಸಾಬರು ಸಮಾಧಾನದ ಮನುಷ್ಯ, ಒಂದೊಂದನ್ನೂ ಬಿಡಿಸಿ ಹೇಳಿದರು. ಕೈಯಲ್ಲಿ ತಿರುವಿದರೆ ತಾನೇ ಓಡುವ ಸೈಕಲ್ಲಿದೆ, ತುಳಿದರೆ ಮಾತ್ರ ನೂಕುವುದೂ ಇದೆ. "ಮೊಣಕಾಲಿನ ಸಲುವಾಗಿ ಅಂದ್ರ ತುಳಿಯೂದ ತೊಗೋರಿ ಸಾಹೇಬ್ರ. ಇಲ್ಲಂದ್ರ ನೀವು ತುಳಿಯೂದ ಬಿಟ್ಟಬಿಡ್ತೀರಿ." ಬ್ಯಾಟರಿ ಬಿಚ್ಚಿ ಒಯ್ಯಲು ಬರುತ್ತದೋ ಎಂದು ನಾನು ಕೇಳಿದೆ. ದನದ ಕೊಟ್ಟಿಗೆಯಲ್ಲಿ ಸೈಕಲ್ಲು ನಿಲ್ಲಬೇಕು, ಪ್ಲಗ್ಗು ಇರುವುದು ಪಡಸಾಲೆಯಲ್ಲಿ. ಬರುತ್ತದೆ ಅಂದರು. ಕೆಸರಿನಲ್ಲೂ ಹಿಡಿಯುವ ತಟ್ಟೆ ಬ್ರೇಕು, ಹಲ್ಲುಹಲ್ಲಿನ ಟಾಯರು, ಎಲ್ಲ ಆಯಿತು. ಉಳಿದದ್ದು ಅಳತೆ.

ಆ ಸೈಕಲ್ಲಿನ ಚೌಕಟ್ಟು ಮೂರು ಅಳತೆಯಲ್ಲಿ ಬರುತ್ತದಂತೆ. ಹದಿನೈದು ಇಂಚು, ಹದಿನೇಳು, ಹತ್ತೊಂಬತ್ತು. ರಾಜೇಸಾಬರು ಟೇಪು ಹಿಡಿದು ಬಂದರು. "ಹಂಗ ಗ್ವಾಡಿಗೆ ಬೆನ್ನ ಹಚ್ಚಿ ನಿಂದರ್ರಿ, ಒಳಗಾಲಿನ ಅಳತಿ ತೊಗೋತೇನಿ."

"ಯಾಕೋ, ಚಣ್ಣ ಹೊಲೀತಿ ಏನ್ ನನಗ?" ಅಂದರು ಇವರು. ಅಂಗಡಿಯಲ್ಲಿದ್ದ ನಾಲ್ಕು ಮಂದಿ ನಕ್ಕರು.

"ಹಂಗಲ್ರಿ. ನೋಡಿದ್ರ ನಿಮಗ ಹದಿನೇಳ ಸಾಕು ಅನಸ್ತೇತಿ."

ಅಲ್ಲಿಗೆ ಕೆಟ್ಟಿತು. ನಮ್ಮ ಕಡೆ ಆ ಕಾಲದವರೆಲ್ಲ ಓಡಿಸಿದ್ದು ಕರಿ ಸೈಕಲ್ಲು. ಅದರಲ್ಲಿ ಎರಡೇ ಅಳತೆ. ಇಪ್ಪತ್ತೆರಡು ಹುಡುಗರದು, ಇಪ್ಪತ್ನಾಲ್ಕು ಗಂಡಸರದು. ಹದಿನೇಳು ಎಂದರೆ ಇವರ ಕಿವಿಗೆ ಸಾಲಿಗೆ ಹೋಗುವ ಕೂಸಿನ ಸೈಕಲ್ಲಿನಂತೆ ಕೇಳಿಸಿತು.

"ರಾಜೇಸಾಬ, ಇಪ್ಪತ್ನಾಕ ಇಂಚಿನ ಸೈಕಲ್ ಮ್ಯಾಲ ಬಾಗಲಕೋಟಿಗೆ ಹೋಗಿ ಹೊಳ್ಳಿ ಬಂದಾಂವ ನಾ. ಹದಿನೇಳ ತೊಗೊಂಡ ಊರಾಗ ಹ್ವಾದ್ರ ಹುಡುಗುರು ಹಿಂದ ಗಂಟ ಬೀಳ್ತಾವ."

"ಆ ಇಂಚಿನ ಲೆಕ್ಕಾನ ಬ್ಯಾರೆರಿ. ಇದರ ನಡುವಿನ ದಂಡಿಗಿ ಇಳಿಜಾರ ಇರ್ತೇತಿ, ಗಾಲಿ ದೊಡ್ಡದ ಇರ್ತೇತಿ..."

ಇವರು ಕೇಳಲಿಲ್ಲ. ಹಳೆಯ ಪದ್ಧತಿಯಂತೆ ಸೀಟನ್ನು ಬಗಲಿಗೆ ಒತ್ತಿ ಹಿಡಿದು ಕೈ ಚಾಚಿದರು. ಬೆರಳ ತುದಿ ಪೆಡಲಿನ ನಡುವಿನ ಅಚ್ಚಿಗೆ ಸರಿಯಾಗಿ ಹತ್ತಿದರೆ ಅಳತೆ ಸರಿ ಎಂದು ಲೆಕ್ಕ. ಹದಿನೇಳರದ್ದರಲ್ಲಿ ಬೆರಳು ಅಚ್ಚನ್ನು ದಾಟಿ ಹೋಯಿತು. "ನೋಡಿದೇನ? ಗಿಡ್ಡ ಆತು" ಅಂದರು. ಆ ಸೀಟು ಪೂರಾ ಕೆಳಗೆ ಇಳಿಸಿತ್ತು. ಏರಿಸಿದರೆ ಸರಿಹೋಗುತ್ತದೆ ಎಂದು ರಾಜೇಸಾಬರು ಹೇಳುವಷ್ಟರಲ್ಲಿ ಇವರು ಹತ್ತೊಂಬತ್ತರದ್ದನ್ನು ತರಿಸಿಕೊಡಲು ಹೇಳಿಯಾಗಿತ್ತು.

ನನಗೆ ಗೊತ್ತಿತ್ತು. ಮದುವೆಯಾದಾಗಿನಿಂದ ಅವರ ಪ್ಯಾಂಟಿನ ಕೆಳಗಿನ ನಾಲ್ಕು ಬೆರಳು ಬಟ್ಟೆ ಮಡಚಿ ಹೊಲಿಯುತ್ತ ಬಂದವಳು ನಾನು. ನಮ್ಮವರದು ಮೈ ಉದ್ದ, ಕಾಲು ಗಿಡ್ಡ. ಕುಳಿತಾಗ ನಾಲ್ಕು ಮಂದಿಯಲ್ಲಿ ಎತ್ತರ ಕಾಣುತ್ತಾರೆ, ಎದ್ದು ನಿಂತರೆ ಅಷ್ಟಿಲ್ಲ. ಊರೆಲ್ಲ ಅವರನ್ನು ಎತ್ತರದ ಆಳು ಅಂದುಕೊಂಡಿದೆ. ಅವರೂ ಹಾಗೇ ಅಂದುಕೊಂಡಿದ್ದಾರೆ. ಅಂಗಡಿಯಲ್ಲಿ ನಾಲ್ಕು ಗಂಡಸರ ಮುಂದೆ ನಿಮ್ಮ ಕಾಲು ಗಿಡ್ಡ ಎಂದು ನಾನು ಹೇಗೆ ಹೇಳಲಿ? ಸೆರಗು ಹೊದ್ದುಕೊಂಡು ಸುಮ್ಮನೆ ನಿಂತೆ. ಗಿರಿಜಾ ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ. ಗಂಡನ ಮಾನ ಉಳಿಸಿದೆ ಅಂದುಕೊಂಡಿದ್ದೆ.

ಹತ್ತೊಂಬತ್ತರ ಸೈಕಲ್ಲು ಹನ್ನೆರಡು ದಿನಕ್ಕೆ ಬಂತು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆವು. ಇವರು ಕಟ್ಟೆಯ ಮೇಲೆ ನಿಂತು ಹತ್ತಿದರು. ಕಟ್ಟೆ ಇಲ್ಲದಿದ್ದರೆ ಹತ್ತುವುದು ಕಷ್ಟವಿತ್ತು. ಅದನ್ನು ನಾನು ಕಂಡೂ ಕಾಣದಂತೆ ಆರತಿ ತಟ್ಟೆ ಹಿಡಿದು ಒಳಗೆ ಹೋದೆ. ಡಾಂಬರು ರಸ್ತೆಯಲ್ಲಿ ಅದು ಗಾಳಿಯಂತೆ ಹೋಯಿತು. ಮೊದಲ ದಿನ ಅನಗವಾಡಿಯವರೆಗೆ ಹೋಗಿ ಬಂದು "ಬ್ಯಾಟರಿ ಅರ್ಧಾನೂ ಖರ್ಚ ಆಗಿಲ್ಲ ನೋಡ" ಅಂದರು. ನಾನು ದೇವರ ಮುಂದೆ ಒಂದು ದೀಪ ಹೆಚ್ಚು ಹಚ್ಚಿದೆ.

ಸಂಕಟ ಶುರುವಾದದ್ದು ಹೊಲದ ದಾರಿಯಲ್ಲಿ. ಸೀಟು ಎಷ್ಟು ಇಳಿಸಿದರೂ ಎತ್ತರವೇ. ಪೆಡಲು ಕೆಳಗೆ ಹೋದಾಗ ಕಾಲು ಪೂರ್ತಿ ಚಾಚಿ, ಸೊಂಟ ಆ ಕಡೆ ಈ ಕಡೆ ಹೊರಳಬೇಕು. ನಿಲ್ಲಿಸಬೇಕೆಂದರೆ ಸೈಕಲ್ಲನ್ನು ವಾಲಿಸಿ ಬಲಗಾಲ ಬೆರಳ ತುದಿಯನ್ನು ನೆಲಕ್ಕೆ ಮುಟ್ಟಿಸಬೇಕು. ಬ್ಯಾಟರಿ ಮೋಟಾರು ಸೇರಿ ಅದರ ಭಾರವೋ ಎರಡು ಮೂರು ಕೊಡ ನೀರಿನಷ್ಟು. ಆ ಭಾರವೆಲ್ಲ ಮತ್ತೆ ಅದೇ ಮೊಣಕಾಲಿನ ಮೇಲೆ. ಎಂಟು ದಿನಕ್ಕೆ ಕಾಲು ಬಾತಿತು. ನನಗೆ ಹೇಳಲಿಲ್ಲ. ರಸ್ತೆ ಸರಿ ಇಲ್ಲ ಅಂದರು, ಮೋಟಾರು ಜಿಗಿಯುತ್ತದೆ ಅಂದರು. ನಾನು ಹರಳೆಣ್ಣೆ ಕಾಯಿಸಿ ಇಡುತ್ತಿದ್ದೆ, ಅವರು ಹಚ್ಚಿಕೊಳ್ಳುತ್ತಿದ್ದರು. ಇಬ್ಬರೂ ಸೈಕಲ್ಲಿನ ಮಾತು ಎತ್ತುತ್ತಿರಲಿಲ್ಲ. ನನ್ನ ತಪ್ಪಿನ ಮೇಲೆ ದಿನಾ ಎಣ್ಣೆ ಸವರಿದ ಹಾಗೆ ಅನ್ನಿಸುತ್ತಿತ್ತು.

ಹಂಗಾಮಿಗೆ ಹದಿನೈದು ದಿನವಿದ್ದಾಗ ಬಿದ್ದರು. ಕಾಲುವೆಯ ದಂಡೆಯ ಮೇಲೆ ಎದುರಿಗೆ ಎಮ್ಮೆ ಬಂತೆಂದು ನಿಲ್ಲಿಸಿ, ಅದು ಹೋದ ಮೇಲೆ ಹೊರಡಲು ಪೆಡಲು ಒತ್ತಿದ್ದಾರೆ. ಮೋಟಾರು ನೂಕಿದೆ. ಸೀಟಿನ ಮೇಲೆ ಇನ್ನೂ ಸರಿಯಾಗಿ ಕುಳಿತಿಲ್ಲ, ಊರಲು ಕಾಲಿಗೆ ನೆಲ ಸಿಕ್ಕಿಲ್ಲ. ಸೈಕಲ್ಲಿನ ಸಮೇತ ಕಬ್ಬಿನ ಹೊಲದ ನೀರಿನ ಕಾಲುವೆಗೆ ಉರುಳಿದರು. ಗಡಿಯಾಚೆಯ ಬೀಡ್ ಕಡೆಯಿಂದ ಆಗಲೇ ಬಂದಿಳಿದಿದ್ದ ಕಬ್ಬು ಕಡಿಯುವ ಹೆಣ್ಣುಮಕ್ಕಳಿಬ್ಬರು ಹಿಡಿದು ಎಬ್ಬಿಸಿದರಂತೆ. ಎಲುಬು ಮುರಿಯಲಿಲ್ಲ, ನೀರು ಇದ್ದದ್ದು ಗೇಣುದ್ದ. ಅದನ್ನು ನಾನು ಇವತ್ತಿಗೂ ದೇವರ ಖಾತೆಗೇ ಹಾಕುತ್ತೇನೆ.

ಟ್ರ್ಯಾಕ್ಟರಿನಲ್ಲಿ ಮನೆಗೆ ಬಂದರು. ಸೈಕಲ್ಲನ್ನು ಕೊಟ್ಟಿಗೆಯ ಮೂಲೆಗೆ ನೂಕಿಸಿ ಮೇಲೆ ಗೋಣಿಚೀಲ ಹಾಕಿಸಿದರು. ಕೈಕಾಲು ತೊಳೆದುಕೊಂಡು ಬಂದು ನನ್ನ ಮುಖ ನೋಡದೆ ಹೇಳಿದರು: "ಸೋಮವಾರ ಸಾಹೇಬ್ರಿಗೆ ಹೇಳಿ ಬರ್ತೇನಿ. ತೂಕದ ಕಟ್ಟಿಗೆ ಕುಂಡರ್ತೇನಿ. ನನ್ನ ಕಾಲ ಮುಗದಾವ."

ಮರುದಿನ ಭಾನುವಾರ. ಪೂಜೆಯಾಯಿತು, ನಾಷ್ಟಾ ಆಯಿತು. ನಾನು ಅಡುಗೆಮನೆಯಿಂದ ಲಟ್ಟಣಿಗೆ, ಹೊಲಿಗೆ ಡಬ್ಬಿಯಿಂದ ಟೇಪು ತಂದೆ.

"ರೀ, ಚಪ್ಪಲ ಬಿಟ್ಟ ಗ್ವಾಡಿಗೆ ನಿಂದರ್ರಿ."

"ಯಾಕ, ಗುಂಡ ಹೊಡೀತಿ ಏನ?"

"ಹೊಡಿಯೂದ ಆಗಿದ್ರ ಮದವಿ ಆದ ವರ್ಷಾನ ಹೊಡೀತಿದ್ನಿ. ನಿಂದರ್ರಿ."

ಗೋಡೆಗೆ ಬೆನ್ನು ಹಚ್ಚಿ ನಿಂತರು. ಲಟ್ಟಣಿಗೆಯನ್ನು ಎರಡು ಕಾಲ ನಡುವೆ ಅಡ್ಡ ಹಿಡಿದು, ಸೀಟಿನ ಮೇಲೆ ಕುಳಿತಷ್ಟು ಬಿಗಿಯಾಗಿ ಮೇಲಕ್ಕೆ ಒತ್ತಿಕೊಳ್ಳಿರಿ ಅಂದೆ. ನಾಚಿಕೆಯಿಂದ ಅವರ ಕಿವಿ ಕೆಂಪಾಯಿತು. ಬಾಗಿಲು ಹಾಕು ಅಂದರು, ಹಾಕಿದೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದು ನೆಲದವರೆಗೆ ಟೇಪು ಹಿಡಿದೆ. ಇಪ್ಪತ್ತೊಂಬತ್ತು ಇಂಚು. ಆಮೇಲೆ ಅವರನ್ನೂ ಕರೆದುಕೊಂಡು ಕೊಟ್ಟಿಗೆಗೆ ಹೋಗಿ ಗೋಣಿಚೀಲ ತೆಗೆದು ಸೈಕಲ್ಲಿನ ನಡುವಿನ ದಂಡಿಗೆಯ ಎತ್ತರ ಅಳೆದೆ. ಅದು ಮೂವತ್ತರ ಮೇಲಿತ್ತು.

"ನಿಮ್ಮ ಕಾಲ ಮುಗದಿಲ್ರಿ. ಸೈಕಲ್ ನಿಮ್ಮದಲ್ಲ" ಅಂದೆ. "ನನಗ ಅಂಗಡ್ಯಾಗ ಗೊತ್ತಿತ್ತು. ನಾ ಹೇಳಲಿಲ್ಲ. ತಪ್ಪ ನಂದು."

ಬೈಯುತ್ತಾರೆ ಅಂದುಕೊಂಡೆ. "ಗೊತ್ತಿದ್ದೂ ಯಾಕ ಹೇಳಲಿಲ್ಲ?" ಎಂದು ದನಿ ಏರಿಸಿದರು ಕೂಡ. "ನಾಕ ಮಂದಿ ಮುಂದ ಹೆಂಗ ಹೇಳ್ಲಿ?" ಅಂದೆ. ದನಕ್ಕೆ ಮೇವು ಹಾಕುವ ಗೋದಲಿಯ ಅಂಚಿನ ಮೇಲೆ ಕುಳಿತರು. ಸೈಕಲ್ಲಿನ ಪೆಡಲನ್ನು ಬೆರಳಿನಿಂದ ಒಮ್ಮೆ ತಿರುವಿದರು.

"ಆ ಇಪ್ಪತ್ನಾಕ ಇಂಚಿಂದ ಇತ್ತಲಾ, ಅದು ಅಪ್ಪಂದು. ಅಪ್ಪ ಆರ ಅಡಿ ಆಳ. ಅವನ ನಂತರ ಅಣ್ಣ ಓಡಿಸಿದ, ಅವನೂ ಅಷ್ಟ ಎತ್ತರ. ಆಮ್ಯಾಲ ನನಗ ಬಂತು. ಒಂದ ದಿನಾನೂ ಅದರ ಮ್ಯಾಲ ನನ್ನ ಎರಡೂ ಕಾಲ ನೆಲಕ್ಕ ಹತ್ತಿಲ್ಲ. ಅಂಗೀನೂ ಹಂಗ, ಪ್ಯಾಂಟೂ ಹಂಗ. ನನ್ನ ಅಳತಿ ಹಿಡದ ಯಾರೂ ಏನೂ ತಂದಿದ್ದಿಲ್ಲ ನೋಡ. ಹಂಗಾಗಿ ಅಳತಿ ಅಂದ್ರ ಅದ ಅಂತ ತಿಳಕೊಂಡಿದ್ನಿ."

ನಾನು ಟೇಪನ್ನು ಸುತ್ತುತ್ತಿದ್ದೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದೆ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆ ಮಾತು ಅವತ್ತೇ ಮೊದಲು ಕೇಳಿದ್ದು.

ಸೋಮವಾರ ಅವರು ಸಾಹೇಬರ ಹತ್ತಿರ ಹೋಗಲಿಲ್ಲ. ಟಂಟಂ ಗಾಡಿಯಲ್ಲಿ ಸೈಕಲ್ಲು ಹೇರಿಕೊಂಡು ಇಬ್ಬರೂ ಜಮಖಂಡಿಗೆ ಹೋದೆವು. ಅಂಗಡಿಯಲ್ಲಿ ಅವತ್ತೂ ಮಂದಿ ಇದ್ದರು. ಇವರು ಬಾಗಿಲಲ್ಲೇ ನಿಂತರು. ನಾನು ಮುಂದೆ ಹೋಗಿ ಹೇಳಿದೆ: "ಅಣ್ಣಾರ, ನಮ್ಮನಿಯವರ ಒಳಗಾಲ ಇಪ್ಪತ್ತೊಂಬತ್ತ ಇಂಚ ಐತಿ. ನೀವು ಹದಿನೇಳ ಅಂದಿದ್ದ ಖರೆ ಇತ್ತು. ನಾವು ತಪ್ಪಿದಿವಿ. ಈಗ ಹೆಂಗರ ಮಾಡಿ ಕೊಡ್ರಿ."

ನನ್ನ ದನಿ ಅಷ್ಟು ಗಟ್ಟಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ಒಬ್ಬ ಮುದುಕಪ್ಪ ಮಾತ್ರ "ನನಗೂ ಅಷ್ಟ ಬೇ ಯವ್ವಾ, ಇಪ್ಪತ್ತೊಂಬತ್ತ" ಅಂದ.

ರಾಜೇಸಾಬರು ತಲೆ ಕೆರೆದುಕೊಂಡರು. ಓಡಿಸಿದ ಸೈಕಲ್ಲನ್ನು ಕಂಪನಿ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಬನಹಟ್ಟಿಯಲ್ಲಿ ಒಬ್ಬ ಮಾಸ್ತರರು ಹತ್ತೊಂಬತ್ತರದ್ದೇ ಬೇಕು ಎಂದು ಕೇಳುತ್ತಿದ್ದಾರೆ, ಬಾಗಿಲಲ್ಲಿ ಬಾಗಿ ಬರುವಷ್ಟು ಎತ್ತರದ ಮನುಷ್ಯ, ಗೀಚು ಬಿದ್ದದ್ದಕ್ಕೆ ಒಪ್ಪಿದರೆ ಆಯಿತು ಎಂದು ಫೋನು ಹಚ್ಚಿದರು. ಮಾಸ್ತರರು ಸಂಜೆಯೊಳಗೆ ಬಂದು ನೋಡಿ ಒಪ್ಪಿದರು. ಇವರು ಮಾಸ್ತರರ ಕಾಲನ್ನು ಒಂದು ಗಳಿಗೆ ನೋಡಿದ್ದು ನಾನು ನೋಡಿದೆ.

ಹದಿನೇಳರದ್ದನ್ನು ಕೊಡುವಾಗ ರಾಜೇಸಾಬರು ಇವರನ್ನು ದಂಡಿಗೆಯ ಎರಡೂ ಕಡೆ ಕಾಲು ಹಾಕಿ ನಿಲ್ಲಿಸಿದರು. ಎರಡೂ ಪಾದ ನೆಲದ ಮೇಲೆ ಪೂರಾ ಊರಿದವು, ನಡುವೆ ಮೂರು ಬೆರಳು ಜಾಗ ಉಳಿಯಿತು. ಸೀಟು ಏರಿಸಿ, ಇಳಿಸಿ, ಪೆಡಲು ತಳ ಮುಟ್ಟಿದಾಗ ಮೊಣಕಾಲು ಸ್ವಲ್ಪ ಮಡಿಚಿಯೇ ಇರುವ ಹಾಗೆ ಬಿಗಿದರು. ಹೊಲದ ದಾರಿಯಲ್ಲಿ ಮೋಟಾರನ್ನು ಒಂದನೆಯ ನಂಬರಿನಲ್ಲೇ ಇಡಬೇಕು, ಪೂರಾ ಕುಳಿತ ಮೇಲೆಯೇ ಪೆಡಲು ಒತ್ತಬೇಕು ಎಂದು ನನಗೆ ಹೇಳಿದರು. ಇವರಿಗೆ ಹೇಳಲಿಲ್ಲ. ಯಾರು ನೆನಪಿಡುತ್ತಾರೆ ಎಂದು ಅವರಿಗೆ ತಿಳಿದಿತ್ತು.

ಆ ಹಂಗಾಮಿಡೀ ಇವರು ಸೈಕಲ್ಲಿನ ಮೇಲೆ ಹೊಲ ತಿರುಗಿದರು. ಬಾವು ಇಳಿಯಲು ಮೂರು ವಾರ ಹಿಡಿಯಿತು. ಪವಾಡವೇನೂ ಆಗಲಿಲ್ಲ. ಚಳಿ ಬಿದ್ದ ದಿನ ನೋಯುತ್ತಿತ್ತು, ಕೆಲವು ದಿನ ಅರ್ಧಕ್ಕೆ ಬರುತ್ತಿದ್ದರು, ಟಾಯರಿಗೆ ಅಂಟಿದ ಎರಿಮಣ್ಣನ್ನು ಕಡ್ಡಿಯಿಂದ ಕೆತ್ತುವುದು ನನಗೆ ದಿನದ ಕೆಲಸವಾಯಿತು. ದಿನಾ ಬ್ಯಾಟರಿ ಬಿಚ್ಚಿ ತಂದು ಪ್ಲಗ್ಗಿಗೆ ಹಾಕುವುದೂ ನಾನೇ. ಕರೆಂಟು ಹೋದರೆ ಬರುವ ತನಕ ಎದ್ದು ಎದ್ದು ನೋಡುತ್ತಿದ್ದೆ. ಕಾಯಿಲೆಯ ಮನುಷ್ಯನ ಜೊತೆಗೆ ಕಾಯಿಲೆಯ ದನವನ್ನೂ ಕಟ್ಟಿಕೊಂಡಂತೆ ಆಗಿತ್ತು ಕೆಲವು ದಿನ. ಆದರೆ ಸಂಜೆ ಬಂದು "ಇವತ್ತ ಹೊಳಿದಂಡಿ ಕಬ್ಬ ನೋಡಿದ್ನಿ, ಸಕ್ಕರಿ ತುಂಬೇತಿ" ಎಂದು ಜೇಬಿನಿಂದ ಕಬ್ಬಿನ ಒಂದು ಗಣಿಕೆ ತೆಗೆದು ಕೊಡುತ್ತಿದ್ದರು. ದಣಿದ ಮೋರೆಯೇ, ಆದರೆ ಗೋಡೆ ನೋಡುವ ಮೋರೆ ಅಲ್ಲ.

ಹಂಗಾಮು ಮುಗಿದು ಕಾರ್ಖಾನೆ ನಿಲ್ಲುವ ವಾರ ಸಾಹೇಬರು ತಾವೇ ಕರೆದು, ಮುಂದಿನ ವರ್ಷವೂ ಹೊಲ ನೀವೇ ನೋಡಿಕೊಳ್ಳಿ ಅಂದರಂತೆ. ಅವತ್ತು ಸಂಜೆ ಇವರು ಬಂದು ಸೈಕಲ್ಲು ನಿಲ್ಲಿಸಿ ಒಲೆಯ ಮುಂದಿನ ಮಣೆಗೆ ಬಂದು ಕುಳಿತರು.

"ಬ್ಯಾಡ ಅಂತ ಹೇಳಿ ಬಂದ್ನಿ" ಅಂದರು.

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. "ಮತ್ತ?"

"ಬರೂ ವರ್ಷ ತೂಕದ ಕಟ್ಟಿ. ಹೊಲಕ್ಕ ಯಾವನರ ಹೊಸ ಹುಡುಗನ್ನ ಹಚ್ಚಲಿ, ನಾ ಕಲಸಿ ಕೊಡ್ತೇನಿ."

"ಬ್ಯಾಸರ ಆತೇನ್ರಿ?"

"ಬ್ಯಾಸರ ಅಲ್ಲ. ದಣುವಾತು." ಮೊಣಕಾಲನ್ನು ಅಂಗೈಯಿಂದ ಸವರಿಕೊಳ್ಳುತ್ತ ಅಂದರು: "ಅವತ್ತ ಬಿದ್ದ ದಿನ ಬಿಟ್ಟಿದ್ರ, ಬಿದ್ದ ಬಿಟ್ಟಂಗ ಆಕ್ಕಿತ್ತು. ಈಗ ಎಲ್ಲಾ ಹೊಲ ಒಮ್ಮೆ ಸುತ್ತಿ ಬಂದ, ನಾನ ಬಿಟ್ನಿ."

ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟೆ. ಉಂಡರು. ಕೈ ತೊಳೆದುಕೊಳ್ಳುತ್ತ, "ನಾಳೆ ಎಬ್ಬಸಬ್ಯಾಡ ನೋಡ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಅಂದದ್ದು ಅದೇ ಮೊದಲು.

ಎಬ್ಬಿಸಲಿಲ್ಲ. ಬೆಳಿಗ್ಗೆ ಬಿಸಿಲು ಹೊರಸಿನ ಕಾಲಿನವರೆಗೆ ಬಂದಿತ್ತು, ಅವರು ಬಾಯಿ ತೆರೆದು ಮಲಗಿದ್ದರು, ಕಾಲನ್ನು ನೆಟ್ಟಗೆ ಚಾಚಿಕೊಂಡು. ನಾನು ಸ್ನಾನ ಮಾಡಿ ದೇವರ ಮುಂದೆ ಕುಳಿತೆ. ಆರತಿಯ ಹೊತ್ತಿಗೆ ಗಂಟೆ ಎತ್ತಿಕೊಂಡವಳು, ಅದರ ನಾಲಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ಆಡಿಸಿದೆ.